ಸ್ವಾವಲಂಬ ಮತ್ತು ಅರಳು ಸಂಡಿಗೆ

ನನ್ನ ಕುಟುಂಬ ನನ್ನನ್ನು ಬಹಿಷ್ಕರಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ, ನಾನು ಎರಡನೇ ಲೋಟ ಕಾಫಿ ಕುಡಿಯುತ್ತಿದ್ದಾಗ. ಕುಟುಂಬ ಎಂದರೆ ಹೆಂಡತಿ ಎಂಬ ಹಳೇ ಅರ್ಥ ಹಿಡಿಯಬೇಡಿ. (ಆಕೆ ಬಹಿಷ್ಕರಿಸಿದ್ದರೆ ಎರಡನೇ ಲೋಟ ಎಲ್ಲಿಂದ ಬರುತ್ತಿತ್ತು?) ನಾನು ಹೇಳುತ್ತಿರುವುದು ವಾಟ್ಸಾಪಿನ ಕುಟುಂಬದ ಮಾತು.

ನಲವತ್ತಮೂರು ಜನರಿರುವ ಆ ಗುಂಪಿನ ಹೆಸರು 'ಬಂದು ಬಾಂದವರು'. ಹೌದು, ಹಾಗೆಯೇ ಇದೆ, ಅಚ್ಚಿನ ತಪ್ಪಲ್ಲ. ಅದರ ಅಡ್ಮಿನ್ ನನ್ನ ಷಡ್ಡಕ ನಾಗಭೂಷಣ್, ಅಂದರೆ ನನ್ನ ಹೆಂಡತಿ ವಿಶಾಖಾಳ ತಂಗಿ ಹೇಮಶ್ರೀಯ ಗಂಡ. ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿ ನಿವೃತ್ತನಾದವನು ನಾನು. ಮಹಾಪ್ರಾಣ ಕಳೆದುಕೊಂಡ ಬಂಧುಗಳನ್ನು ದಿನವೂ ನೋಡುವುದೆಂದರೆ ನನಗೆ ಕಣ್ಣಿಗೆ ಸೀಗೇಪುಡಿ ಬಿದ್ದಂತೆ. ತಡೆಯಲಾರದೆ ಒಂದು ದಿನ, 'ಬಂಧುವಿನ ಹೊಟ್ಟೆ ಸೀಳಿ' ಎಂದು ಗುಂಪಿನಲ್ಲಿ ಬರೆದೆ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ದ-ಧ ವ್ಯತ್ಯಾಸ ಕಲಿಸುವಾಗ ಹೇಳುವ ಮಾತು ಇದೇ ತಾನೆ? ನಾಲ್ಕು ಜನ ಅದನ್ನು ಬೆದರಿಕೆ ಎಂದು ತಿಳಿದು ಒಂದು ವಾರ ನನ್ನ ಫೋನ್ ಎತ್ತಲಿಲ್ಲ.

ಅದನ್ನೂ ನಾಗಭೂಷಣ್ ಸಹಿಸಿದ್ದ. ಸಹಿಸದೇ ಹೋದದ್ದು ಅವನ ಕರೋಕೆ ಹಾಡಿನ ಬಗ್ಗೆ ನಾನು ಬರೆದ ವಿಮರ್ಶೆಯನ್ನು. ಹನ್ನೊಂದು ನಿಮಿಷದ ವಿಡಿಯೊ. ಶಾಲು ಹೊದ್ದು, ಕಣ್ಣು ಮುಚ್ಚಿ, ಎಡಗೈಯಿಂದ ಗಾಳಿಯಲ್ಲಿ ಸೊಳ್ಳೆ ಅಟ್ಟುತ್ತ ಹಾಡಿದ್ದ. ನಲವತ್ತೊಂದು ಜನ ಚಪ್ಪಾಳೆ ಒತ್ತಿದರು. ನಾನು ಮಾತ್ರ ಪ್ರಾಮಾಣಿಕವಾಗಿ, 'ಇಂಥ ಹೊತ್ತಿನಲ್ಲಿ ಕರೆಂಟಾದರೂ ಹೋಗಬಾರದೇ!' ಎಂದು ಬರೆದೆ. ವಾಕ್ಯದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಆದರೂ ಮೂರು ನಿಮಿಷದಲ್ಲಿ ನನ್ನನ್ನು ಎತ್ತಿ ಹೊರಗೆ ಹಾಕಿದ.

"ರೀ, ಹೋಗ್ಲಿ ಬಿಡಿ. ಒಂದ್ ಸಾರಿ ಸಾರಿ ಅಂದ್ಬಿಡಿ," ಎಂದಳು ವಿಶಾಖಾ.

"ಸಾರಿ ಅನ್ನೋಕೆ ನಾನೇನು ಅವನ ಹಾಡಿನ ಹಾಗೆ ಅಪಶ್ರುತಿಯಾ? ನಾನು ಹೇಳಿದ್ದು ಸತ್ಯ ಕಣೇ!"

"ಸತ್ಯ ಹೇಳೋಕೆ ನಿಮಗೆ ನನ್ನ ತಂಗಿ ಗಂಡನೇ ಬೇಕಿತ್ತಾ?"

ಉರಿಯುವ ಮನಸ್ಸನ್ನು ಹೊತ್ತು ಮಾರನೇ ದಿನ ಸ್ಯಾಂಕಿ ಕೆರೆ ಸುತ್ತಲು ಹೋದೆ. ಅಲ್ಲಿ ನನ್ನ ಜೊತೆ ನಡೆಯುವವರು ಕೈಲಾಸ್. ಅಕ್ಕಿಪೇಟೆಯಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದವರು, ಈಗ ಅದನ್ನು ಮುಚ್ಚಿ ಮಾಗಡಿ ಕಡೆ ಅರ್ಧ ಎಕರೆಯಲ್ಲಿ ಒಂದು ಕೋಣೆ ಕಟ್ಟಿಕೊಂಡಿದ್ದಾರೆ. ಅಲ್ಲಿ ಕರೆಂಟಿನ ಕಂಬವೇ ಇಲ್ಲ. ದೀಪ, ಪಂಪು, ಫ್ಯಾನು, ಎಲ್ಲ ಸೂರ್ಯನ ಲೆಕ್ಕದಲ್ಲಿ. ನನ್ನ ದುಃಖ ಕೇಳಿ ಅವರು ತಟಕ್ಕನೆ ನಿಂತರು.

"ಸಾರ್, ಇನ್ನೊಬ್ರ ಮನೆ ಜಗಲಿ ಮೇಲೆ ಕೂತ್ರೆ ಯಾವತ್ತಾದ್ರೂ ಎದ್ದೋಗು ಅಂತಾರೆ. ನಿಮ್ ಜಗಲಿ ನೀವೇ ಕಟ್ಕೊಳ್ಳಿ. ನಿಮ್ಮನೇಲೇ ಒಂದ್ ನೋಡ್ ಇಡಿ."

"ಏನ್ ನೋಡ್ಲಿ?"

"ನೋಡೋದಲ್ಲ ಸಾರ್, ನೋಡ್!"

"ನೋಡು ಅಂತೀರಿ, ನೋಡೋದಲ್ಲ ಅಂತೀರಿ. ಏನ್ರೀ ಇದು?"

ಕೆರೆಯ ಅರ್ಧ ಸುತ್ತು ಈ 'ನೋಡ್'ನಲ್ಲೇ ಕಳೆಯಿತು. ಕೊನೆಗೆ ತಿಳಿದದ್ದು ಇಷ್ಟು. ದೊಡ್ಡ ಕಂಪನಿಯ ಹಂಗಿಲ್ಲದೆ, ನಮ್ಮ ನಮ್ಮ ಮನೆಯಲ್ಲೇ ಸೋಪಿನ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್ ಇಟ್ಟು ನಮ್ಮದೇ ಸ್ವಂತ ವಾಟ್ಸಾಪಿನಂಥದ್ದನ್ನು ನಡೆಸಬಹುದು. ಅದಕ್ಕೆ ನೋಡ್ ಅನ್ನಿ, ಸರ್ವರ್ ಅನ್ನಿ. ಹೀಗೆ ಸರ್ವರ್ ಇಟ್ಟುಕೊಂಡವರು ಒಬ್ಬರಿಗೊಬ್ಬರು ಕೊಂಡಿ ಹಾಕಿಕೊಳ್ಳುತ್ತಾರೆ. ಯಾರಿಗೆ ಯಾರೂ ಯಜಮಾನರಲ್ಲ. ಯಾರನ್ನೂ ಯಾರೂ ಎತ್ತಿ ಹಾಕುವಂತಿಲ್ಲ. ಕೈಲಾಸ್ ಮಾಗಡಿಯ ಕೋಣೆಯಲ್ಲಿ ಆಗಲೇ ಒಂದನ್ನು ಬಿಸಿಲಿನಲ್ಲೇ ಓಡಿಸುತ್ತಿದ್ದಾರಂತೆ.

"ಒಂದ್ ಮಾತು ಸಾರ್," ಎಂದು ಅವರು ಎಚ್ಚರಿಸಿದರು. "ಕಂಪನಿಯೋರು ಒಂದೇ ಅಡಿಗೆಮನೇಲಿ ಲಕ್ಷಾಂತರ ಜನಕ್ಕೆ ಬೇಯಿಸ್ತಾರೆ. ನಾವು ಮನೆಮನೇಲೂ ಬೇರೆ ಬೇರೆ ಒಲೆ ಹಚ್ತೀವಿ. ಸ್ವತಂತ್ರ ಹೌದು, ಆದ್ರೆ ಸೌದೆ ಜಾಸ್ತಿ. ಆ ಡಬ್ಬಿ ಹೊಟ್ಟೆ ಚಿಕ್ಕದು, ಆದ್ರೆ ಇಪ್ಪತ್ನಾಲ್ಕು ಗಂಟೇನೂ ತಿಂತಾನೇ ಇರುತ್ತೆ. ಯಾರಾದ್ರೂ ಒಂದ್ ಫೋಟೋ ಹಾಕಿದ್ರೆ, ಕೊಂಡಿ ಹಾಕಿರೋ ಪ್ರತಿ ಮನೇಲೂ ಅದರದ್ದೊಂದ್ ಕಾಪಿ ಕೂತ್ಕೊಳುತ್ತೆ."

ನಾನು ಮೊದಲ ಭಾಗ ಮಾತ್ರ ಕೇಳಿಸಿಕೊಂಡೆ. ಹೆಸರು ಆಗಲೇ ಹೊಳೆದಿತ್ತು: ಸ್ವಾವಲಂಬ.

ಆ ವಾರವೇ ಕೈಲಾಸ್ ಬಂದು ಮಲ್ಲೇಶ್ವರದ ನಮ್ಮ ಮನೆಯ ತಾರಸಿಯ ಮೇಲೆ ಎರಡು ಸೋಲಾರ್ ಪ್ಯಾನೆಲ್ ಕೂರಿಸಿದರು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಬ್ಯಾಟರಿ, ಅದರ ಪಕ್ಕ ಸೋಪಿನ ಡಬ್ಬಿ, ಸಿಮ್ ಹಾಕಿದ ಪುಟ್ಟ ರೂಟರ್. ಬ್ಯಾಟರಿಯ ಮುಖದ ಮೇಲೆ ಶೇಕಡಾ ಎಷ್ಟಿದೆ ಎಂದು ತೋರಿಸುವ ಹಸಿರು ಅಂಕಿ. ಶುಭಮುಹೂರ್ತದಲ್ಲಿ ಡಬ್ಬಿಗೆ ಕುಂಕುಮ ಇಟ್ಟು ವಿಶಾಖಾಳನ್ನು ಕರೆದೆ.

"ಏನಿದು?"

"ಸರ್ವರ್."

"ಏನ್ ತಂದ್ಕೊಡುತ್ತೆ?"

"ತಂದ್ಕೊಡೋಕೆ ಇದೇನು ಸಂಪಿಗೆ ರಸ್ತೆ ಹೋಟ್ಲಾ? ಇದಕ್ಕೆ ನಾವು ಇಪ್ಪತ್ನಾಲ್ಕು ಗಂಟೆ ವಿದ್ಯುತ್ತು ಒದಗಿಸ್ಬೇಕು."

"ಅಯ್ಯೋ ನಿಮ್ಮ! ಸರ್ವರ್ ಅಂದ್ರೆ ನಮಗೆ ಬಡಿಸೋನು. ನಾವೇ ಇದಕ್ಕೆ ಬಡಿಸ್ಬೇಕು ಅಂದ್ರೆ ಅದು ಸರ್ವರ್ ಅಲ್ಲ, ಬೀಗರು!"

ಆಕೆಯ ಅಸಲು ಸಿಟ್ಟು ಡಬ್ಬಿಯ ಮೇಲಿರಲಿಲ್ಲ, ತಾರಸಿಯ ಮೇಲಿತ್ತು. ಹೇಮಶ್ರೀಯ ಮೊಮ್ಮಗನ ಮುಂಜಿ ಮುಂದಿನ ತಿಂಗಳು. ಅದಕ್ಕೆ ಐನೂರು ಅರಳು ಸಂಡಿಗೆ ಇಟ್ಟುಕೊಡುತ್ತೇನೆಂದು ಅಕ್ಕ ತಂಗಿಗೆ ಮಾತು ಕೊಟ್ಟಿದ್ದಳು. ಬೂದುಗುಂಬಳಕಾಯಿ ತುರಿದು, ಅರಳು ಕಲಸಿ, ತಾರಸಿಗೆ ಹೋದರೆ, ದಿನವಿಡೀ ಬಿಸಿಲು ಬೀಳುವ ಜಾಗದಲ್ಲಿ ನನ್ನ ಪ್ಯಾನೆಲ್‌ಗಳು ಕಾಲು ಚಾಚಿ ಮಲಗಿದ್ದವು. ಉಳಿದ ಕಡೆಯೆಲ್ಲ ಪಕ್ಕದ ಮನೆಯ ತೆಂಗಿನ ನೆರಳು.

"ನನ್ ಸಂಡಿಗೆ ಎಲ್ಲಿ ಒಣಗ್ಬೇಕು? ನಿಮ್ ತಲೆ ಮೇಲಾ?"

"ಇದು ಸ್ವಾತಂತ್ರ್ಯದ ಪ್ರಶ್ನೆ ಕಣೇ ವಿಶಾಖಾ!"

"ಇದು ಮುಂಜಿ ಪ್ರಶ್ನೆ! ಬಿಸಿಲೇನು ನಿಮ್ಮ ಅಪ್ಪನ ಮನೇದಾ?"

(ಮನೆ ಕಟ್ಟಿಸಿದ್ದು ನನ್ನ ಅಪ್ಪನೇ. ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವಷ್ಟು ಮೂರ್ಖ ನಾನಲ್ಲ.)

ಅಷ್ಟರಲ್ಲಿ ಸುದ್ದಿ ಷಡ್ಡಕನಿಗೆ ಮುಟ್ಟಿತು. ಭಾನುವಾರ ಬೆಳಿಗ್ಗೆ ಫೋನ್ ಬಂತು.

"ಏನ್ ಶ್ರೀನಿವಾಸಯ್ಯನೋರೇ, ಬಿಸಿಲಲ್ಲಿ ವಾಟ್ಸಾಪ್ ಒಣಗಿಸ್ತಿದೀರಂತೆ?"

"ನಗಿ ನಾಗಭೂಷಣ್, ನಗಿ. ಕರೆಂಟು ಕಂಪನಿ ಯಾವುದರ ಹಂಗೂ ಇಲ್ಲದೆ ನಡೆಯುತ್ತೆ ನನ್ನ ಸ್ವಾವಲಂಬ."

"ಎಂಟು ದಿನ ನಡೆಸಿ ನೋಡೋಣ. ಬರೀ ಬಿಸಿಲಲ್ಲಿ, ಒಂದ್ ಸಲಾನೂ ನಿಲ್ಲಬಾರ್ದು. ನಡೆಸಿದ್ರೆ ನನ್ ಗುಂಪು ಮುಚ್ಚಿ ನಲವತ್ತೆರಡು ಜನಾನೂ ನಿಮ್ ಮನೆ ಬಾಗಿಲಿಗೆ ಕರ್ಕೊಂಡ್ ಬರ್ತೀನಿ."

"ನಡೀದಿದ್ರೆ?"

"ಮುಂಜಿ ದಿನ ಸಂಜೆ ನನ್ನ ಕರೋಕೆ ಇದೆ. ಮೂರು ಗಂಟೆ. ನೀವು ಮುಂದಿನ ಸಾಲಲ್ಲಿ ಕೂತು ಪ್ರತಿ ಹಾಡಿಗೂ ವನ್ಸ್ ಮೋರ್ ಅನ್ಬೇಕು."

ಮೂರು ಗಂಟೆ ಎಂಬುದು ವನ್ಸ್ ಮೋರ್ ಸೇರಿದರೆ ಆರು ಗಂಟೆ ಎಂಬ ಲೆಕ್ಕ ಹೊಳೆಯುವ ಮೊದಲೇ ನಾನು "ಆಗಲಿ!" ಎಂದುಬಿಟ್ಟಿದ್ದೆ. ಫೋನಿಟ್ಟವನೇ ಕಿವಿಗೆ ತುಂಬಲು ಹತ್ತಿ ಹುಡುಕಿದೆ. ಆ ಕಂಠ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು.

ಸ್ವಾವಲಂಬಕ್ಕೆ ಮೊದಲ ದಿನ ಸೇರಿದವರು ಒಂಬತ್ತು ಜನ. ಕೈಲಾಸ್, ವಿಶಾಖಾ, ಗೂಢಚಾರಿಣಿಯಾಗಿ ಹೇಮಶ್ರೀ, ಚಾಮರಾಜಪೇಟೆಯಲ್ಲಿರುವ ನಮ್ಮ ಅಕ್ಕ ಕಾವೇರಮ್ಮ, ಹೀಗೆ. ಪಂದ್ಯದ ಮೊದಲ ದಿನ ಬ್ಯಾಟರಿ ತೊಂಬತ್ತು. ಎರಡನೇ ದಿನ ನಮ್ಮ ಅಕ್ಕ ತಾನು ಆ ವರ್ಷ ಹಾಕಿದ ರಂಗೋಲಿಗಳನ್ನೆಲ್ಲ ಒಂದೊಂದಾಗಿ ಏರಿಸಲು ಶುರು ಮಾಡಿದಳು. ಡಬ್ಬಿ ಇಸ್ತ್ರಿಪೆಟ್ಟಿಗೆಯಂತೆ ಬಿಸಿಯಾಗಿ, ಬ್ಯಾಟರಿ ಐವತ್ತಕ್ಕಿಳಿಯಿತು. ಮೂರನೇ ದಿನ ಮಲ್ಲೇಶ್ವರದ ಮೇಲೆ ಮೋಡ. ಇಪ್ಪತ್ತೆರಡು!

ನಾನು ತುರ್ತು ಪರಿಸ್ಥಿತಿ ಘೋಷಿಸಿದೆ. ಫೋಟೋ ನಿಷೇಧ. ಶುಭೋದಯ ನಿಷೇಧ. ಹತ್ತರಿಂದ ಮೂರರವರೆಗೆ ಮಾತ್ರ ಮಾತು. ಅಷ್ಟೇ ಅಲ್ಲ, ಅಕ್ಷರ ಕಡಿಮೆಯಾದರೆ ವಿದ್ಯುತ್ತೂ ಕಡಿಮೆ ಖರ್ಚಾಗಬೇಕಲ್ಲವೇ ಎಂದು ನನಗೇ ತೋಚಿ, ದೀರ್ಘಗಳನ್ನೂ ಒತ್ತಕ್ಷರಗಳನ್ನೂ ಕೈಬಿಟ್ಟೆ. ಮೂವತ್ತನಾಲ್ಕು ವರ್ಷ ಪ್ರೂಫ್ ತಿದ್ದಿದ ಈ ಕೈಯಲ್ಲಿ, ಕಣ್ಣೀರು ಒರೆಸಿಕೊಂಡು, 'ಅಕ, ರಂಗೊಲಿ ಫೊಟೊ ಹಕಬೆಡ' ಎಂದು ಬರೆದೆ.

ಐದು ನಿಮಿಷದಲ್ಲಿ ಅಕ್ಕನ ಫೋನು. "ಏನೋ ಶೀನಿ, ಬಾಯಿ ಸೊಟ್ಟಗಾಯ್ತೇನೋ? ವಿಶಾಖಾನ ಕರಿ, ಆಸ್ಪತ್ರೆಗೆ ಕರ್ಕೊಂಡ್ ಹೋಗ್ಲಿ!"

ಆ ಸಂಜೆ ನಾನು ತಾರಸಿಯ ಮೆಟ್ಟಿಲ ಮೇಲೆ ಮಂಡಿ ಹಿಡಿದು ಕೂತಿದ್ದೆ. ದಿನಕ್ಕೆ ನಾಲ್ಕು ಸಲ ಹತ್ತಿ ಪ್ಯಾನೆಲ್ ಒರೆಸಿ ಮಂಡಿ ಊದಿಕೊಂಡಿತ್ತು. ನಾಗಭೂಷಣನ ಎಡಗೈ ಸೊಳ್ಳೆ ಅಟ್ಟುವುದು ಕಣ್ಣೆದುರು ಬರುತ್ತಿತ್ತು. ವಿಶಾಖಾ ಬಂದು ಪಕ್ಕದಲ್ಲಿ ಕೂತಳು.

"ಸೋತ್ರೆ ಅಷ್ಟೊಂದ್ ಬೇಜಾರಾ?"

"ಆರು ಗಂಟೆ ಕಣೇ. ಆರು ಗಂಟೆ ವನ್ಸ್ ಮೋರ್."

ಆಕೆ ಒಮ್ಮೆ ಪ್ಯಾನೆಲ್ ಕಡೆ, ಒಮ್ಮೆ ನನ್ನ ಮಂಡಿಯ ಕಡೆ ನೋಡಿದಳು. "ನಾಳೆಯಿಂದ ನೀವು ಮೇಲೆ ಹತ್ಬೇಡಿ. ನಿಮ್ ಪ್ಯಾನೆಲ್ ನಾನೇ ನೋಡ್ಕೋತೀನಿ. ನಿಮ್ಗೆ ಗೆಲ್ಬೇಕು, ಅಷ್ಟೇ ತಾನೇ?"

ಮದುವೆಯಾಗಿ ಮೂವತ್ತಾರು ವರ್ಷಕ್ಕೆ ನನ್ನ ಧ್ಯೇಯವನ್ನು ಅರ್ಥ ಮಾಡಿಕೊಂಡಳಲ್ಲ ಎಂದು ನಿಜಕ್ಕೂ ಸಂತೋಷವಾಯಿತು.

ಮತ್ತೆ ನಡೆದದ್ದು ಪವಾಡವೇ. ಮಾರನೇ ದಿನ ಅಂಕಿ ಅರವತ್ತು. ಅದರ ಮಾರನೇ ದಿನ ಮಧ್ಯಾಹ್ನಕ್ಕೆ ನೂರು! ಆಮೇಲೆ ಹಗಲೂ ನೂರು, ರಾತ್ರಿಯೂ ನೂರು. ಅಕ್ಕ ರಂಗೋಲಿ ಹಾಕಿದರೂ ನೂರು. ಕೈಲಾಸ್‌ಗೆ ಫೋನ್ ಮಾಡಿ ಹೇಳಿದರೆ, "ಸಾರ್, ಅದೆಂಗೆ ಸಾರ್? ನಂದೇ ರಾತ್ರಿ ನಲವತ್ತಕ್ಕೆ ಇಳಿಯುತ್ತೆ," ಎಂದು ಗೊಣಗಿದರು. ಪಾಪ, ಹೊಟ್ಟೆಕಿಚ್ಚು. ನಾನು 'ಮಿತಾಕ್ಷರ ಪದ್ಧತಿಯಿಂದ ವಿದ್ಯುತ್ ಉಳಿತಾಯ' ಎಂಬ ಪ್ರಬಂಧಕ್ಕೆ ಟಿಪ್ಪಣಿ ಮಾಡತೊಡಗಿದೆ. ದಿನಕ್ಕೆ ಹತ್ತು ಸಲ ಮೆಟ್ಟಿಲ ಕೆಳಗೆ ಬಗ್ಗಿ ಆ ಹಸಿರು ನೂರನ್ನು ನೋಡಿ ಕೈ ಮುಗಿಯುವುದೇ ಕೆಲಸವಾಯಿತು. ಅಂಕಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. (ಪ್ರೂಫ್ ಓದುವವರ ಶಾಪವೇ ಇದು. ಅಕ್ಷರ ಕಾಣುತ್ತದೆ, ವಿಷಯ ಕಾಣುವುದಿಲ್ಲ.)

ಏಳನೇ ದಿನ, ಶನಿವಾರ, ಪೇಪರ್ ತಿದ್ದುತ್ತಿದ್ದೆ. ಓದುವುದಲ್ಲ, ಕೆಂಪು ಪೆನ್ ಹಿಡಿದು ತಿದ್ದುವುದು, ಅದು ನನ್ನ ನಿತ್ಯಕರ್ಮ. ಮೂಲೆಯಲ್ಲಿ ಒಂದು ಪ್ರಕಟಣೆ: 'ಭಾನುವಾರ ಬೆಳಿಗ್ಗೆ ಹನ್ನೊಂದರಿಂದ ಮಲ್ಲೇಶ್ವರದಲ್ಲಿ ವಿದ್ಯುತ್ ವೆತ್ಯಯ.' 'ವೆ'ಗೆ ಸುತ್ತು ಹಾಕಿ 'ವ್ಯ' ಎಂದು ತಿದ್ದಿದ ಮೇಲೆ ವಿಷಯ ತಲೆಗೆ ಹೋಯಿತು. ಆಹಾ! ದೇವರೇ ಕಳಿಸಿದ ವ್ಯತ್ಯಯ! ಊರಿಗೆಲ್ಲ ಕರೆಂಟು ಹೋಗುವ ಆ ಗಳಿಗೆಯಲ್ಲಿ, ನಾಗಭೂಷಣನ ಕಣ್ಣೆದುರೇ, ನನ್ನ ಸ್ವಾವಲಂಬ ಮಾತ್ರ ಉರಿಯುವ ದೃಶ್ಯ! ತಕ್ಷಣ ಫೋನ್ ಮಾಡಿ ಗಂಡ ಹೆಂಡತಿ ಇಬ್ಬರನ್ನೂ ಭಾನುವಾರ ಊಟಕ್ಕೆ ಕರೆದೆ. "ಹತ್ತೂವರೆಗೇ ಬಂದ್ಬಿಡಿ," ಎಂದು ಒತ್ತಿ ಹೇಳಿದೆ. ಕರೆಂಟು ಹೋಗುವ ಸಂಗತಿಯನ್ನು ವಿಶಾಖಾಳಿಗೂ ಹೇಳಲಿಲ್ಲ. ಆಕೆಯೂ ಬೆರಗಾಗಲಿ ಎಂದು ಪೇಪರನ್ನು ದಿಂಬಿನ ಕೆಳಗೆ ಬಚ್ಚಿಟ್ಟೆ.

ಭಾನುವಾರ ಬಂದರು. ನಾಗಭೂಷಣ್ ಶಾಲು ಸಮೇತ ಬಂದಿದ್ದ. ಹತ್ತು ಐವತ್ತೆಂಟಕ್ಕೆ ನಾನು ನಡುಮನೆಯಲ್ಲಿ ಎದ್ದು ನಿಂತೆ. ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ಸ್ವಾವಲಂಬ. ಒಳಗೆ ವಿಶಾಖಾ ಮಿಕ್ಸಿಯಲ್ಲಿ ಚಟ್ನಿ ತಿರುವುತ್ತಿದ್ದಳು.

"ಬಂಧುಗಳೇ," ಎಂದೆ. ಹೊಟ್ಟೆ ಸೀಳಿಯೇ ಹೇಳಿದೆ. "ಪರಾವಲಂಬನೆಯೇ ಮರಣ, ಸ್ವಾವಲಂಬನೆಯೇ ಜೀವನ..."

ಗಡಿಯಾರ ಹನ್ನೊಂದು ಹೊಡೆಯಿತು. ಫ್ಯಾನು ನಿಂತಿತು. ಮಿಕ್ಸಿ ಗೊರಕೆ ಹೊಡೆದು ಸುಮ್ಮನಾಯಿತು.

"ನೋಡಿ!" ಎಂದು ಗರ್ಜಿಸಿದೆ. "ಮಲ್ಲೇಶ್ವರಕ್ಕೆ ಮಲ್ಲೇಶ್ವರವೇ ಸ್ತಬ್ಧ! ಆದರೆ ನನ್ನ ಸ್ವಾವಲಂಬ? ಹೇಮಾ, ಏನಾದರೂ ಬರೆಯಮ್ಮ. ಒತ್ತಕ್ಷರ ಹಾಕಿಯೇ ಬರೆ, ಪರವಾಗಿಲ್ಲ!"

ಹೇಮಶ್ರೀ ಒತ್ತಿದಳು. ಫೋನನ್ನು ಅಲುಗಾಡಿಸಿದಳು. "ಭಾವ, ಬರೀ ಗುಂಡಗೆ ಸುತ್ತುತ್ತಾ ಇದೆ."

"ನಂದೂ ಸುತ್ತುತ್ತಿದೆ," ಎಂದ ನಾಗಭೂಷಣ್. "ಶ್ರೀನಿವಾಸಯ್ಯನೋರೇ, ಇದೇನಿದು, ಊರಿನ ಕರೆಂಟು ಹೋದ್ರೆ ನಿಮ್ ಬಿಸಿಲೂ ಹೋಗುತ್ತಾ?"

ನನ್ನ ತಲೆಯೂ ಸುತ್ತಿತು. ಮೆಟ್ಟಿಲ ಕೆಳಗೆ ಓಡಿ ಬಗ್ಗಿದೆ. ಬ್ಯಾಟರಿಯ ಮೇಲೆ ನೂರು, ನಗುನಗುತ್ತ. ಡಬ್ಬಿ ಮಾತ್ರ ತಣ್ಣಗೆ ಸತ್ತಿತ್ತು. ಆಗ ಮೊದಲ ಬಾರಿಗೆ ಅಂಕಿ ಬಿಟ್ಟು ತಂತಿ ನೋಡಿದೆ. ಡಬ್ಬಿಯಿಂದ ಹೊರಟ ತಂತಿ ಬ್ಯಾಟರಿಯ ಕಡೆ ಹೋಗದೆ, ಕಂಬಳಿಯ ಗಂಟಿನ ಹಿಂದೆ ನುಸುಳಿ, ಇಸ್ತ್ರಿಪೆಟ್ಟಿಗೆಗೆಂದು ಇಟ್ಟಿದ್ದ ಗೋಡೆಯ ಪ್ಲಗ್ಗಿಗೆ, ವಿಶಾಖಾಳ ಮೊಬೈಲ್ ಚಾರ್ಜರ್ ಮೂಲಕ ಸೇರಿತ್ತು. ರೂಟರಿನದೂ ಅದೇ ದಾರಿ. ಬ್ಯಾಟರಿಯಿಂದ ಕುಡಿಯುವವರೇ ಇಲ್ಲ ಎಂದ ಮೇಲೆ ಅದು ಖಾಲಿಯಾಗುವುದಾದರೂ ಹೇಗೆ?

"ವಿಶಾಖಾ!"

ಚಟ್ನಿ ಕೈಯಲ್ಲೇ ಬಂದಳು. "ಅಯ್ಯೋ! ಇವತ್ತು ಕರೆಂಟ್ ಹೋಗುತ್ತೆ ಅಂತ ಒಂದ್ ಮಾತು ಹೇಳಿದ್ರೆ ಬೆಳಿಗ್ಗೇನೇ ಬದಲಾಯಿಸಿ ಚುಚ್ತಿದ್ನಲ್ರೀ!"

"ಅಂದ್ರೆ... ಪ್ಯಾನೆಲ್?"

ಎಲ್ಲರೂ ತಾರಸಿಗೆ ಹತ್ತಿದೆವು. ನನ್ನ ಎರಡು ಪ್ಯಾನೆಲ್‌ಗಳ ಮೇಲೆ, ಅಂಚಿನಲ್ಲಿ ನಾಲ್ಕು ಬೆರಳು ಬಿಟ್ಟು, ನನ್ನದೇ ಮದುವೆಯ ರೇಷ್ಮೆಯಂಚಿನ ಪಂಚೆ. ಪಂಚೆಯ ಮೇಲೆ ಸಾಲಾಗಿ, ಬೆಳ್ಳಗೆ, ಗರಿಗರಿಯಾಗಿ ಅರಳು ಸಂಡಿಗೆ.

"ಗಾಜು ಚೆನ್ನಾಗಿ ಕಾಯುತ್ತೆ ಕಣೇ ಹೇಮಾ," ಎಂದು ವಿಶಾಖಾ ತಂಗಿಗೆ ವಿವರಿಸಿದಳು. "ಇಳಿಜಾರು ಬೇರೆ, ನೀರೂ ನಿಲ್ಲಲ್ಲ. ಮೂರು ದಿನ ಒಣಗಬೇಕಾಗಿದ್ದು ಒಂದೂವರೆ ದಿನಕ್ಕೇ ಆಯ್ತು. ಇವರ ಬ್ಯಾಟರಿ ನೂರು ತುಂಬಿದ ಮೇಲೇನೇ ಪಂಚೆ ಹಾಸಿದ್ದು. ಡಬ್ಬಿ ಹಸಿದಿರುತ್ತಲ್ಲ ಅಂತ ಪಾಪ, ಅದಕ್ಕೆ ಮೊದಲೇ ಕೆಳಗೆ ಗೋಡೆಯಿಂದ ಊಟ ಹಾಕಿದ್ದೆ. ಇವರೂ ಗೆದ್ದ ಹಾಗಾಯ್ತು, ನಿನ್ ಮುಂಜಿಗೂ ಆಯ್ತು ಅಂತ."

ಏನೆಂದು ಬೈಯಲಿ? ನನ್ನನ್ನು ಗೆಲ್ಲಿಸಲು ಹೊರಟವಳನ್ನು ಸೋಲಿಸಿದ್ದು ನನ್ನದೇ ಗುಟ್ಟು. ನಾಗಭೂಷಣ್ ಶಾಲು ಸರಿಪಡಿಸಿಕೊಂಡು, ನನ್ನ ಭುಜದ ಮೇಲೆ ಕೈಯಿಟ್ಟು, ಒಂದೇ ಮಾತು ಹೇಳಿದ.

"ಇಂಥ ಹೊತ್ತಲ್ಲಿ ಕರೆಂಟ್ ಹೋಗಬಾರ್ದಿತ್ತು, ಅಲ್ವಾ?"

ಕೆಳಗೆ ಬಂದೆವು. ಫ್ಯಾನಿಲ್ಲ, ಸೆಖೆ. ವಿಶಾಖಾ ಗ್ಯಾಸ್ ಹಚ್ಚಿ ಹೊಸ ಸಂಡಿಗೆ ಕರಿಯತೊಡಗಿದಳು. ನಾನು ಮೂಲೆಯಲ್ಲಿ ಕೂರೋಣವೆಂದರೆ ಒಳಗಿಂದ ಕೂಗು. "ರೀ, ನಾನ್ ಕರೀತಾ ಇರ್ತೀನಿ, ನೀವು ಬಡಿಸಿ!" ತಟ್ಟೆ ಹಿಡಿದು ಅಡಿಗೆಮನೆಗೂ ನಡುಮನೆಗೂ ಓಡಾಡಿದೆ. ಒಂದು ಸುತ್ತು, ಎರಡು ಸುತ್ತು, ನಾಲ್ಕು ಸುತ್ತು. ಊದಿದ ಮಂಡಿಯಲ್ಲಿ ಐದನೇ ಸುತ್ತು ಬಂದಾಗ ನಾಗಭೂಷಣ್ ತಟ್ಟನೆ ಫೋನೆತ್ತಿ ನನ್ನ ಫೋಟೋ ಹೊಡೆದ.

ನನ್ನ ಜೇಬಿನಲ್ಲಿ ಫೋನ್ ಕಿಣಿಕಿಣಿಸಿತು. ಷಡ್ಡಕ ದೊಡ್ಡ ಮನಸ್ಸು ಮಾಡಿ ನನ್ನನ್ನು ಮತ್ತೆ 'ಬಂದು ಬಾಂದವರು' ಗುಂಪಿಗೆ ಸೇರಿಸಿದ್ದ. ಮೊದಲ ಸಂದೇಶ, ಬೆವರು ಸುರಿಸುತ್ತ ಸಂಡಿಗೆ ತಟ್ಟೆ ಹಿಡಿದ ನನ್ನ ಚಿತ್ರ. ಅದರ ಕೆಳಗೆ:

'ಕರೆಂಟಿಲ್ಲದೆ ಓಡುವ ಸರ್ವರ್ ಕಂಡುಹಿಡಿದ ನಮ್ಮ ಬಾವನವರಿಗೆ ದನ್ಯವಾದಗಳು. ಮುಂಜಿ ದಿನ ಮುಂದಿನ ಸಾಲಿನಲ್ಲಿ ಬೇಟಿಯಾಗೋಣ.'

ಬಾವ, ದನ್ಯವಾದ, ಬೇಟಿ! ಮೂರೂ ತಪ್ಪು. ಬೆರಳು ತುರಿಸಿತು. ಆದರೆ ಮೂರು ಮಹಾಪ್ರಾಣ ಹಾಕಿ ತಿದ್ದಲು ನನ್ನಲ್ಲಿ ಅಲ್ಪಪ್ರಾಣವೂ ಉಳಿದಿರಲಿಲ್ಲ. ನಲವತ್ತೊಂದು ಚಪ್ಪಾಳೆಗಳು ಬಿದ್ದಿದ್ದವು. ನಾನು ನಲವತ್ತೆರಡನೆಯದನ್ನು ಒತ್ತಿದೆ.

ನಡುಮನೆಯಿಂದ ನಾಗಭೂಷಣ್ ಖಾಲಿ ತಟ್ಟೆ ಬಡಿದ. ಕರೋಕೆಗೆ ಹದ ಮಾಡಿಕೊಂಡ ಅದೇ ಗಂಟಲು.

"ಸರ್ವರ್! ಸಂಡಿಗೆ, ವನ್ಸ್ ಮೋರ್!"

ಹೋದೆ.